ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳುವುದು ಸರಿಯೇ?

ಪರ

ಚಿಕ್ಕಮಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಎಸ್ಟೇಟ್ ಮಾಲೀಕರಲ್ಲ. ಇಲ್ಲಿನ ವಿಜಯಪುರ, ಕಲ್ಯಾಣನಗರ ಬಡಾವಣೆಗಳ ಕಡೆ ನೋಡಿ. ರಿಟೈರ್ ಆದಾಗ ಬಂದ ದುಡ್ಡಲ್ಲಿ ಮೇಲೊಂದು ಮನೆ ಕಟ್ಟಿಸಿ, ಅದರ ಬಾಡಿಗೆಯಲ್ಲೇ ಔಷಧಿ, ದಿನಸಿ ತೂಗಿಸುವವರು ಎಷ್ಟೋ ಜನ. ನಮ್ಮ ಮನೆ ನಡೆಯುವುದೂ ಹಾಗೇ.

ಒಬ್ಬರು ಖಾಲಿ ಮಾಡಿ ಹೋದ ಮೇಲೆ ಮನೆ ಹೇಗಿರುತ್ತದೆ ಅಂತ ಒಳಗೆ ಕಾಲಿಟ್ಟವರಿಗೇ ಗೊತ್ತು. ಒಲೆ ಹಿಂದಿನ ಗೋಡೆಗೆ ಒಗ್ಗರಣೆ ಎಣ್ಣೆ ಸಿಡಿದು ಜಿಡ್ಡು ಕಟ್ಟಿರುತ್ತದೆ. ಹಾಲ್‌ನಲ್ಲಿ ಮಕ್ಕಳ ಪೆನ್ಸಿಲ್ ಗೀಟು. ಕಾಲೇಜು ಹುಡುಗರಿದ್ದ ರೂಮಾದರೆ ಪೋಸ್ಟರ್ ಟೇಪ್ ಕಿತ್ತಾಗ ಬಣ್ಣದ ಜೊತೆ ಪುಟ್ಟಿಯೂ ಎದ್ದು ಬಂದಿರುತ್ತದೆ. ಹಾಗೇ ಬಿಟ್ಟು ಬೋರ್ಡ್ ಹಾಕಿದರೆ, ನೋಡಲು ಬಂದವರು ಬಾಗಿಲಿಂದಲೇ ವಾಪಸ್. ಬಣ್ಣ ಬಳಿಸಲೇಬೇಕು. ಪೇಂಟರ್ ಕೂಲಿ, ಪ್ರೈಮರ್, ಡಿಸ್ಟೆಂಪರ್ ಎಲ್ಲ ಸೇರಿದರೆ ಎಷ್ಟೋ ಸಲ ಒಂದು ತಿಂಗಳ ಬಾಡಿಗೆ ಸಾಲುವುದಿಲ್ಲ. ಉಳಿದದ್ದನ್ನು ನಾವೇ ಹಾಕುತ್ತೇವೆ.

ಮೊತ್ತ ಮೊದಲೇ ಗೊತ್ತಿರುವುದು ಇಬ್ಬರಿಗೂ ಒಳ್ಳೆಯದು. ಇಲ್ಲದಿದ್ದರೆ ಸಾಮಾನು ಲಾರಿಗೆ ಏರಿಸುವ ಹೊತ್ತಿನಲ್ಲಿ ಮೊಳೆ ತೂತು ಎಣಿಸುತ್ತಾ ನಿಲ್ಲಬೇಕು. ಎರಡು ವರ್ಷ ಒಂದೇ ಕಾಂಪೌಂಡಿನಲ್ಲಿ ಚೆನ್ನಾಗಿದ್ದವರು ಕೊನೇ ದಿನ ಮುಖ ಕೆಡಿಸಿಕೊಳ್ಳುವುದು ಯಾರಿಗೆ ಬೇಕು?

ಕಾನೂನಿಗೂ ಇದು ವಿರುದ್ಧವಲ್ಲ. ಬಾಡಿಗೆದಾರರ ಹೊಣೆ ಏನೆಂದು ಹೇಳುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಕರಾರಿನಲ್ಲಿ ಬೇರೆ ರೀತಿ ಬರೆದುಕೊಳ್ಳದಿದ್ದರೆ ಮಾತ್ರ ಅದರ ನಿಯಮ ಅನ್ವಯ. ಪೇಂಟಿಂಗ್ ವಿಷಯ ಸ್ಪಷ್ಟವಾಗಿ ಬರೆದಿದ್ದು, ಓದಿ ಸಹಿ ಹಾಕಿದ ಮೇಲೆ ತಕರಾರು ತೆಗೆಯುವುದು ನ್ಯಾಯವಲ್ಲ.

ವಿರೋಧ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಊರು ನಮ್ಮದು. ಇಲ್ಲಿ ಗೋಡೆ ಹಾಳಾಗಲು ಬಾಡಿಗೆದಾರರು ಏನೂ ಮಾಡಬೇಕಾಗಿಲ್ಲ. ಗಾಳಿಮಳೆ ಹೊಡೆಯುವ ಕಡೆಯ ಗೋಡೆ ತಾನಾಗೇ ತೇವ ಹೀರುತ್ತದೆ. ಬೀರು ಸರಿಸಿ ನೋಡಿದರೆ ಹಿಂದೆ ಕಪ್ಪಗೆ ಬೂಷ್ಟು.

ನಾವಿದ್ದ ಮನೆಯಲ್ಲೂ ಅದೇ. ಬಾಡಿಗೆ 9,000. ತಾರಸಿಯ ಬಿರುಕಿನಿಂದ ನೀರು ಇಳಿಯುತ್ತಿದೆ ಅಂತ ಎರಡು ಮಳೆಗಾಲ ಓನರ್‌ಗೆ ಹೇಳಿದೆವು. ಬಿಸಿಲು ಬರಲಿ ಅಂದರು. ಖಾಲಿ ಮಾಡುವ ದಿನ ಅದೇ ಗೋಡೆಯ ಬಣ್ಣದ ಗುಳ್ಳೆಯನ್ನು ಉಗುರಿನಿಂದ ಕೆರೆದರು. ಅಂಗೈ ಅಗಲದ ಚಕ್ಕೆ ಬಿತ್ತು. ಅಡಿಯಲ್ಲಿ ಹಳೇ ಹಸಿರು, ಅದರಡಿ ಹಳೇ ಸುಣ್ಣ. ‘ನೋಡಿ, ಹೇಗೆ ಮಾಡಿಟ್ಟಿದ್ದೀರಿ’ ಅಂದರು. 9,000 ಮುರಿದುಕೊಂಡರು. ಆಮೇಲೆ ಬಂದ ಸಂಸಾರ ಒಂದೇ ವಾರದಲ್ಲಿ ಹಾಲುಕ್ಕಿಸಿತು, ಅದೇ ಗೋಡೆ, ಅದೇ ಗುಳ್ಳೆ. ಬಣ್ಣ ಬಳಿಸಲೇ ಇಲ್ಲ. ಅವರು ಬಿಡುವಾಗ ಅವರದ್ದೂ ಒಂದು ತಿಂಗಳದ್ದು ಹೋಗುತ್ತದೆ, ಅಲ್ವಾ?

ನನ್ನ ಸಿಟ್ಟು ಇರುವುದು ಇಲ್ಲೇ. ಅಡ್ವಾನ್ಸ್ ನಮ್ಮ ದುಡ್ಡು. ನಂಬಿ ಅವರ ಕೈಯಲ್ಲಿ ಇಟ್ಟಿರುತ್ತೇವೆ. ನಾವು ಏನಾದರೂ ಒಡೆದಿದ್ದರೆ, ಕರೆಂಟ್ ಬಿಲ್ ಬಾಕಿ ಇಟ್ಟಿದ್ದರೆ ಅದರಿಂದ ಹಿಡಿಯಲಿ, ಬೇಡ ಅನ್ನುವುದಿಲ್ಲ. ಟೇಪ್ ಕಿತ್ತು ಪುಟ್ಟಿ ಎಬ್ಬಿಸಿದ ಹುಡುಗರು ಕೊಡಲೇಬೇಕು. ಆದರೆ ಏನು ಹಾಳಾಯಿತು ಅಂತ ನೋಡದೇ ಎಲ್ಲರಿಗೂ ಒಂದೇ ಮೊತ್ತ ಅಂದರೆ, ಜೋಪಾನವಾಗಿ ಇದ್ದವರಿಗೆ ಏನು ಬೆಲೆ?

ಅದೇ 108ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಬಳಕೆಯಿಂದ ಆಗುವ ಸಹಜ ಸವೆತಕ್ಕೂ ಬಿರುಗಾಳಿ, ಪ್ರವಾಹದಂಥ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೂ ಬಾಡಿಗೆದಾರ ಹೊಣೆಯಲ್ಲ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ನೇರ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಮನೆ ಒಪ್ಪಿಸಿಕೊಳ್ಳುವಾಗಲೇ, ಹಿಡಿಯಬೇಕಾದ್ದನ್ನು ಹಿಡಿದು, ಉಳಿದದ್ದು ಕೊಡಬೇಕು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಹೊಣೆ ಅಂತ ಅದರ ಪಟ್ಟಿಯಲ್ಲೇ ಇದೆ. ನಲ್ಲಿ ವಾಷರ್, ಸ್ವಿಚ್ಚು, ಒಡೆದ ಗಾಜು ನಮ್ಮದು. ಇದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರಷ್ಟೇ ಬಲ. ಆದರೂ ಹೊಣೆಯನ್ನು ಹೀಗೆ ಹಂಚುವುದೇ ನ್ಯಾಯ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಓದಿ ಸಹಿ ಹಾಕಿದಿರಲ್ಲ ಅನ್ನುತ್ತಾರೆ. ಹಳೇ ಮನೆ ಬಿಡುವುದಾಗಿ ಹೇಳಿಯಾಗಿರುತ್ತದೆ, ಮಕ್ಕಳ ಸ್ಕೂಲು ಶುರುವಾಗಿರುತ್ತದೆ, ಆಗ ಬ್ರೋಕರ್ ಟೈಪ್ ಮಾಡಿಸಿದ ಛಾಪಾ ಕಾಗದ ಮುಂದಿಡುತ್ತಾರೆ. ಪೇಂಟಿಂಗ್ ಸಾಲು ತೆಗೆಯಿರಿ ಅಂದರೆ ಮನೆಯೇ ಕೈತಪ್ಪುತ್ತದೆ. ಇದನ್ನು ಒಪ್ಪಿಗೆ ಅನ್ನುವುದು ಕಷ್ಟ. ಈ ಭಯಕ್ಕೇ ಎಷ್ಟೋ ಜನ ಕೊನೇ ತಿಂಗಳುಗಳ ಬಾಡಿಗೆ ಕೊಡದೆ ಅಡ್ವಾನ್ಸ್‌ನಲ್ಲಿ ಕಳೆದುಬಿಡುತ್ತಾರೆ. ಅದೂ ತಪ್ಪೇ. ಪ್ರಾಮಾಣಿಕ ಓನರ್‌ಗೂ ಅದರಿಂದ ಪೆಟ್ಟು.

ಈಗ ಮನೆ ಹುಡುಕುತ್ತಿರುವವರಿಗೆ ಹೇಳುವುದಿಷ್ಟು. ಸಾಮಾನು ಇಳಿಸುವ ಮೊದಲೇ ಗೋಡೆ ಗೋಡೆಯ ವಿಡಿಯೋ ಮಾಡಿ ಓನರ್‌ಗೂ ಕಳಿಸಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ನೀರು ಸೋರಿದರೆ ಮೆಸೇಜ್‌ನಲ್ಲಿ ಬರೆದು ಹೇಳಿ, ಬಾಯಿಮಾತು ಆಮೇಲೆ ನಿಲ್ಲುವುದಿಲ್ಲ. ‘ಪೇಂಟಿಂಗ್‌ಗೆ ಒಂದು ತಿಂಗಳು’ ಎನ್ನುವಲ್ಲಿ ‘ಹಾನಿಯಾಗಿದ್ದರೆ, ಬಿಲ್ ಪ್ರಕಾರ’ ಎಂದು ಬರೆಸಲು ಕೇಳಿ ನೋಡಿ. ಕೇಳಿದರೆ ಒಪ್ಪುವ ಓನರ್‌ಗಳೂ ಇದ್ದಾರೆ. ದುಡ್ಡು ಕೊಡದೆ ಸತಾಯಿಸಿದರೆ ಸುಮ್ನೆ ಕೂರಬೇಡಿ. ಬಾಕಿ ವಸೂಲಿಗೆ ದಾವೆ ಹೂಡಲು 3 ವರ್ಷ ಅವಕಾಶವಿದೆ. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಕೋರ್ಟ್ ಶುಲ್ಕ ಇಲ್ಲ, ಅಲ್ಲಿ ಆದ ರಾಜಿಗೆ ಕೋರ್ಟ್ ತೀರ್ಪಿನಷ್ಟೇ ಬೆಲೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವೂ ಉಚಿತ.