ಮಡಿಯುಟ್ಟ ಕಿವಿಗಳು

ಮಡಿ ಎಂಬುದು ನಮ್ಮ ಅಡುಗೆಮನೆಗಳಿಂದ ಎದ್ದು ಎಲ್ಲಿಗೆ ಹೋಯಿತೋ ಎಂದು ಕೊರಗುತ್ತಿರುವ ಹಿರಿಯರಿಗೆ ಒಂದು ಸಮಾಧಾನದ ಸುದ್ದಿ. ಅದು ಎಲ್ಲಿಗೂ ಹೋಗಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಹಜಾರದಲ್ಲಿ, ಮರದ ಕವಚ ತೊಟ್ಟ ಐವತ್ತು ವರ್ಷದ ಸ್ಟೀರಿಯೊಗಳ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿಕೊಂಡು ಕುಳಿತಿದೆ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ವರ್ಜ್ಯವಾಗಿತ್ತು, ಇಲ್ಲಿ ಡಿಜಿಟಲ್ ವರ್ಜ್ಯ; ಸದ್ದನ್ನು ಅಂಕಿಗಳಾಗಿ ಒಡೆಯದೆ ಅಲೆಯಾಗಿಯೇ ಉಳಿಸುವ ಅನಲಾಗ್ ಮಾತ್ರ ಮಡಿ. ಸಿ.ಡಿ. ಒಳಗೆ ಬರಕೂಡದು. ಮೊಬೈಲ್ ಚಪ್ಪಲಿಯ ಜೊತೆ ಹೊರಗೆ. ಬ್ಲೂಟೂತ್ ಎಂಬ ಹೆಸರನ್ನು ಬಾಯಿತಪ್ಪಿ ಉಚ್ಚರಿಸಿದವರಿಗೆ ಎರಡನೆಯ ಸಲ ಕಾಫಿ ಇಲ್ಲ.

ಈ ಪಂಥದ ಗೃಹಸ್ಥರೊಬ್ಬರು ಎಲ್‌ಪಿ ತಟ್ಟೆ ಹಾಕುವ ಕ್ರಮವನ್ನು ನೋಡಬೇಕು. ಮೊದಲು ಕೈ ತೊಳೆದು ಒರೆಸಿಕೊಳ್ಳುತ್ತಾರೆ. ರಟ್ಟಿನ ಹೊದಿಕೆಯಿಂದ ಒಳಚೀಲ, ಒಳಚೀಲದಿಂದ ತಟ್ಟೆ. ಹೆಬ್ಬೆರಳ ಬುಡ ಅಂಚಿಗೆ, ಉಳಿದ ಬೆರಳ ತುದಿ ನಡುವಿನ ಲೇಬಲ್ಲಿಗೆ. ಹಾಡು ಕೊರೆದ ಗೀರುಗಳಿರುವ ಜಾಗಕ್ಕೆ ಚರ್ಮ ಸೋಕುವಂತಿಲ್ಲ. ತಟ್ಟೆ ತಿರುಗತೊಡಗಿದ ಮೇಲೆ ಕಾರ್ಬನ್ ನಾರಿನ ಬ್ರಶ್ಶಿನಿಂದ ಅದರ ಧೂಳು, ಆಮೇಲೆ ಇನ್ನೊಂದು ಪುಟ್ಟ ಬ್ರಶ್ಶಿನಿಂದ ಸೂಜಿಯ ಧೂಳು, ಅದೂ ಹಿಂದಿನಿಂದ ಮುಂದಕ್ಕೆ ಮಾತ್ರ. ಸೂಜಿ ತಟ್ಟೆಯ ಮೇಲೆ ಎಷ್ಟು ಭಾರ ಊರುತ್ತಿದೆ ಎಂದು ಅಕ್ಕಸಾಲಿಗರ ತಕ್ಕಡಿಯನ್ನು ನಾಚಿಸುವ ಒಂದು ಮಾಪಕದಲ್ಲಿ ತೂಗುತ್ತಾರೆ: ಒಂದೂಮುಕ್ಕಾಲು ಗ್ರಾಂ. ಆಂಪ್ಲಿಫೈಯರ್ ಹದಕ್ಕೆ ಬಿಸಿಯಾಗಲು ಅರ್ಧ ಗಂಟೆ ಕಾಯುತ್ತೇವೆ. ಕೊನೆಗೂ ಮಲ್ಲಿಕಾರ್ಜುನ ಮನ್ಸೂರರು ರಾಗ ಹಿಡಿಯುತ್ತಾರೆ. ಹಿಡಿದು ಒಂದು ನಿಮಿಷವಾಗಿರುವುದಿಲ್ಲ, ಗೃಹಸ್ಥರು ಧಡಕ್ಕನೆ ಎದ್ದು ಸೂಜಿ ಎತ್ತಿಬಿಡುತ್ತಾರೆ. "ಎಡಗಡೆಯ ಸ್ಪೀಕರನ್ನು ಎರಡು ಬೆರಳಿನಷ್ಟು ಒಳಕ್ಕೆ ತಿರುಗಿಸಬೇಕು, ನಿಮಗೂ ಕೇಳಿಸಿತಲ್ಲವೇ?" ಎನ್ನುತ್ತಾರೆ. ನಮಗೆ ಕೇಳಿಸಿದ್ದು ಮನ್ಸೂರರು ಮಾತ್ರ, ಅದೂ ಅರ್ಧಂಬರ್ಧ.

ಸ್ಟೀರಿಯೊ ಸರಿಯಾಗಿ ಕೇಳಿಸುವುದು ಕೋಣೆಯ ಒಂದೇ ಒಂದು ಜಾಗದಲ್ಲಂತೆ. ಎರಡು ಸ್ಪೀಕರುಗಳೂ ಒಂದು ಕುರ್ಚಿಯೂ ಸೇರಿ ಸಮಬಾಹು ತ್ರಿಕೋನವಾಗಬೇಕು. ಆ ಕುರ್ಚಿ ಯಜಮಾನರದು. ಹೆಂಡತಿ, ಮಕ್ಕಳು, ನೆಂಟರು, ನಾನು, ಎಲ್ಲರೂ ತ್ರಿಕೋನದ ಹೊರಗಿನವರು.

ಈ ಪಂಥದ ಕುಲದೇವರುಗಳು 1970ರ ದಶಕದ ರಿಸೀವರ್‌ಗಳು, ಎಂದರೆ ರೇಡಿಯೊ ಮತ್ತು ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವಂಥವು. ಆ ಕಾಲದಲ್ಲಿ ಪಯೊನಿಯರ್, ಸಾನ್ಸುಯಿ, ಕೆನ್‌ವುಡ್, ಮರಾಂಟ್ಸ್ ಕಂಪನಿಗಳ ನಡುವೆ ವಾಟ್ ಏರಿಸುವ ಜಿದ್ದು ನಡೆದಿತ್ತು. ಜಾಹೀರಾತುಗಳಲ್ಲಿ ವಾಟಿನ ಲೆಕ್ಕ ಎಷ್ಟು ಬೇಕಾಬಿಟ್ಟಿಯಾಯಿತೆಂದರೆ, ಅದನ್ನು ಅಳೆದು ಹೇಳಬೇಕಾದ ಬಗೆಯನ್ನು ಗೊತ್ತುಮಾಡಲು 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮವನ್ನೇ ತರಬೇಕಾಯಿತು. ಸುಳ್ಳು ಹೇಳುವ ದಾರಿ ಮುಚ್ಚಿದ್ದರಿಂದ ಕಂಪನಿಗಳು ಬೇರೆ ಗತಿಯಿಲ್ಲದೆ ನಿಜವಾಗಿಯೂ ವಾಟ್ ತುಂಬತೊಡಗಿದವು. 1978ರಲ್ಲಿ ಬಂದ ಪಯೊನಿಯರ್ ಎಸ್‌ಎಕ್ಸ್-1980 ಚಾನೆಲ್ಲಿಗೆ 270 ವಾಟಿನದು, ತೂಕ ಸುಮಾರು 35 ಕಿಲೊ. ಇದನ್ನು ಕೊಂಡವರು ಮೊದಲು ಹುಡುಕುವುದು ತಟ್ಟೆಯನ್ನಲ್ಲ, ಬೆನ್ನಿಗೆ ಹಚ್ಚುವ ಎಣ್ಣೆಯನ್ನು.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ 30 ವಾಟ್. ಊರಿಗೆಲ್ಲ 30. ಈಗ ಹನ್ನೆರಡಡಿಗೆ ಹತ್ತಡಿ ಕೋಣೆಯಲ್ಲಿ ಒಬ್ಬ ಗೃಹಸ್ಥರಿಗೆ ಎರಡೂ ಚಾನೆಲ್ ಸೇರಿ 540 ಇದ್ದರೂ ಸಾಲದು. (ಪ್ರೇಷಕದ ವಾಟೇ ಬೇರೆ, ಸ್ಪೀಕರಿನ ವಾಟೇ ಬೇರೆ ಎಂದು ತಿದ್ದಲು ಒಬ್ಬರು ಈಗಾಗಲೇ ಎದ್ದು ನಿಂತಿದ್ದಾರೆ. ಗೊತ್ತು ಸ್ವಾಮಿ, ಕುಳಿತುಕೊಳ್ಳಿ.) ಪಕ್ಕದ ಮನೆಯವರು ಬಾಗಿಲು ಬಡಿಯದಂತೆ ಹಾಡು ಕೇಳಿದರೆ ಸಾಮಾನ್ಯ ಸ್ಪೀಕರಿಗೆ ಒಂದು ವಾಟ್ ಹೋದರೆ ಹೆಚ್ಚು. ಮಿಕ್ಕ ವಾಟುಗಳೆಲ್ಲ ಮರ್ಯಾದೆಗೆ.

ಜಪಾನಿನಲ್ಲಿ ಜಪಾನಿಗರಿಗೆಂದೇ ತಯಾರಾದ ಯಂತ್ರವಾದರಂತೂ ಭಕ್ತಿ ಇಮ್ಮಡಿ. ಅದು 100 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಟ್ರಾನ್ಸ್‌ಫಾರ್ಮರ್ ನಡುವೆ ಇಡದೆ ಆತುರಪಟ್ಟವರ ಮನೆಯಲ್ಲಿ ಮೊದಲ ಪೂಜೆಯ ಧೂಪ ಯಂತ್ರದ ಒಳಗಿನಿಂದಲೇ ಏಳುತ್ತದೆ. ಅದನ್ನು ದಾಟಿ ಬಂದವರಿಗೆ ರೇಡಿಯೊ ಕೇಳುವ ಆಸೆ. ಜಪಾನಿನ ಹಳೆಯ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ. ಬೆಂಗಳೂರಿನ ರೇನ್‌ಬೋ 101.3ರಲ್ಲಿದೆ, ವಿವಿಧ ಭಾರತಿ 102.9ರಲ್ಲಿ. ಮುಳ್ಳು ತೊಂಬತ್ತರವರೆಗೆ ಗಂಭೀರವಾಗಿ ನಡೆದು ಬಂದು ಅಲ್ಲಿಗೆ ನಿಲ್ಲುತ್ತದೆ. ಲಕ್ಷ ಸುರಿದು ತಂದ ರೇಡಿಯೊದಲ್ಲಿ ಚಿತ್ರಗೀತೆ ಬರುವುದಿಲ್ಲ; ಆಟೊ ಚಾಲಕರ ಡಬ್ಬಿಯಲ್ಲಿ ಬರುತ್ತದೆ. ಇದನ್ನು ಗೃಹಸ್ಥರ ಮುಂದೆ ಎತ್ತಿದರೆ, "ನಾನು ಇದನ್ನು ಕೊಂಡದ್ದು ರೇಡಿಯೊ ಕೇಳುವುದಕ್ಕಲ್ಲ, ಆ ಬೆಳಕಿಗೆ" ಎಂದು ಸತ್ಯವನ್ನೇ ನುಡಿಯುತ್ತಾರೆ.

ಆ ಬೆಳಕಿನದೇ ಒಂದು ವ್ಯಾಜ್ಯ. ಹಳೆಯ ಮರಾಂಟ್ಸ್ ರಿಸೀವರುಗಳ ಗಾಜಿನ ಹಿಂದೆ ಒಂದು ನೀಲಿ ಹೊಳಪು ಇರುತ್ತದೆ, ನೋಡಲು ಚೆಂದವೇ. ಒಳಗಿರುವುದು ಪುಟ್ಟ ತಂತಿ ಬಲ್ಬುಗಳು, ಮುಂದೆ ಒಂದು ತೆಳು ಕಾಗದ. ಬಲ್ಬಿನ ಕಾವಿಗೆ ಕಾಗದ ಕಂದಿ, ಬಲ್ಬೂ ಒಂದು ದಿನ ಸಾಯುತ್ತದೆ. ಆಗ ಎಲ್‌ಇಡಿ ಹಾಕಬಹುದೇ ಕೂಡದೇ ಎಂಬ ಪ್ರಶ್ನೆ ಏಳುತ್ತದೆ. ಇದರ ಮೇಲೆ ಸಂಸಾರ ಒಡೆಯದಿರುವುದು ಸಂಸಾರದಲ್ಲಿ ಉಳಿದವರಿಗೆ ಇದು ಅರ್ಥವಾಗದಿರುವುದರಿಂದ ಮಾತ್ರ. ಎಲ್‌ಇಡಿ ಹಾಕಿದರೆ ಧ್ವನಿಯಲ್ಲಿ ಬಿಸುಪು ಕಡಿಮೆಯಾಗುತ್ತದೆ ಎಂದು ವಾದಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೀಪ ಬದಲಾಯಿಸಿದರೆ ಹಾಡು ಬದಲಾಗುವ ಈ ಕಿವಿಗಳ ಬಗ್ಗೆ ಮುಂದೆ ಇನ್ನಷ್ಟು ಹೇಳುವುದಿದೆ.

ಮೂವತ್ತು ವರ್ಷಗಳ ಹಿಂದೆ ಇದೇ ಗೃಹಸ್ಥರು ತಾತನ ರೇಡಿಯೊಗ್ರಾಂ ಜಾಗ ತಿನ್ನುತ್ತದೆ ಎಂದು ಗುಜರಿಯವನಿಗೆ ಕೊಟ್ಟು, ಅವನು ಎಣಿಸಿ ಕೊಟ್ಟ ಚಿಲ್ಲರೆಯಲ್ಲಿ ಕ್ಯಾಸೆಟ್ ಕೊಂಡಿದ್ದರು. ಈಗ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಅಂಥದ್ದೇ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕುಳಿತು ವಾಸನೆ ನೋಡುತ್ತಾರೆ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲ 1980ರ ದಶಕದವರೆಗೂ ಇತ್ತು. ಆಗ ಆ ಲೈಸೆನ್ಸ್ ಪುಸ್ತಕವನ್ನು ಕಂಡರೆ ಬೈದುಕೊಳ್ಳುತ್ತಿದ್ದರು. ಈಗ ಲೈಸೆನ್ಸ್ ಪುಸ್ತಕವೂ ಜೊತೆಗಿದ್ದರೆ ಬೆಲೆ ಏರುತ್ತದೆ. ಹಿತ್ತಾಳೆಯ ಕೊಂಬು ಸಿಕ್ಕಿಸಿದ ಹೊಚ್ಚಹೊಸ "ಪುರಾತನ" ಗ್ರಾಮಫೋನುಗಳ ಮಾತು ಬೇಡ. ಅವನ್ನು ಹಾಡಿಗಾಗಿ ಯಾರೂ ಕೊಳ್ಳುವುದಿಲ್ಲ, ಅವು ಹಾಡುವುದೂ ಇಲ್ಲ. ಇಬ್ಬರಿಗೂ ತೊಂದರೆಯಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಹಳೆಯ ಪೆಟ್ಟಿಗೆಗಳಲ್ಲಿ ಮೆಚ್ಚುವಂಥದ್ದು ಇದೆ, ಆದರೆ ಭಕ್ತರು ಹೇಳುವ ಕಡೆಯಲ್ಲಿ ಅಲ್ಲ. ನಾಲ್ಕು ತಿರುಪು ಬಿಚ್ಚಿದರೆ ಮುಚ್ಚಳ ಬರುತ್ತದೆ. ಒಳಗೆ ಏನೆಲ್ಲಿದೆ ಎಂದು ತೋರಿಸುವ ನಕ್ಷೆ ಸಿಗುತ್ತದೆ. ಕರಕರ ಎನ್ನುವ ವಾಲ್ಯೂಮ್ ಗುಂಡಿಗೆ ಒಂದಿಷ್ಟು ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿದರೆ ಬಾಯಿ ಮುಚ್ಚುತ್ತದೆ. ಒಣಗಿದ ಕೆಪಾಸಿಟರುಗಳನ್ನು ಎಸ್‌ಪಿ ರಸ್ತೆಯಿಂದ ತಂದು ಬೆಸುಗೆ ಹಾಕಿಸಬಹುದು. ಸ್ಪೀಕರಿನ ಅಂಚಿನ ಫೋಮ್ ಒಬ್ಬಟ್ಟಿನ ಹೂರಣದಂತೆ ಉದುರಿದರೆ ಹೊಸದನ್ನು ಅಂಟಿಸಬಹುದು. ವಾಲ್ವ್ ರೇಡಿಯೊಗಳ ವಾಲ್ವುಗಳು ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲೇ ತಯಾರಾಗುತ್ತಿದ್ದ ಕಾಲವೂ ಇತ್ತು. ಕೆಟ್ಟರೆ ರಿಪೇರಿ ಮಾಡಬಹುದು ಎಂಬ ಒಂದೇ ಗುಣಕ್ಕೆ ನಾನೂ ಅವಕ್ಕೆ ಕೈಮುಗಿಯುತ್ತೇನೆ. ಆದರೆ ಈ ಗುಣವನ್ನು ಗೃಹಸ್ಥರ ಮುಂದೆ ಹೊಗಳುವಂತಿಲ್ಲ. ಕೆಪಾಸಿಟರು, ರಿಲೇ, ಬಲ್ಬು, ಬೆಲ್ಟು, ಫೋಮ್ ಎಲ್ಲವೂ ಹೊಸದಾಗಿರುವ ಆ ಯಂತ್ರ ಅವರ ಪ್ರಕಾರ "ಪೂರ್ತಿ ಒರಿಜಿನಲ್".

ಯಂತ್ರದ ಮಡಿ ಸಾಲದೆಂದು ಅದಕ್ಕೆ ಹರಿದು ಬರುವ ವಿದ್ಯುತ್ತಿಗೂ ಮಡಿ ಉಡಿಸುತ್ತಾರೆ. ಜಪಾನಿನ ಕೆಲವು ಸಂಗೀತಪ್ರಿಯರು ಅಕ್ಕಪಕ್ಕದ ಮನೆಗಳ ಫ್ರಿಜ್ಜಿನ ಗಲಿಬಿಲಿ ತಮ್ಮ ತಂತಿಗೆ ಸೋಕಬಾರದೆಂದು ಅಂಗಳದಲ್ಲಿ ಸ್ವಂತ ವಿದ್ಯುತ್ ಕಂಬ ನೆಡಿಸಿಕೊಂಡಿದ್ದಾರೆ. 2016ರಲ್ಲಿ ಪತ್ರಿಕೆಗಳು ಬರೆದಂತೆ ಒಬ್ಬರಿಗೆ ಕಂಬದ ಖರ್ಚೇ ಸುಮಾರು 10,000 ಡಾಲರ್. ನಮ್ಮ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬೀದಿಗೆ ಬೀದಿಯೇ ಕತ್ತಲಾಗುವುದರಿಂದ ಈ ರೀತಿಯ ಭಕ್ತಿಗೆ ಇನ್ನೂ ಅವಕಾಶ ಒದಗಿಲ್ಲ. ಸ್ಪೀಕರಿನ ತಂತಿಯದು ಇನ್ನೊಂದು ಕಥೆ. ಹನ್ನೆರಡು ಅಡಿಯ ಒಂದು ಜೊತೆ ತಂತಿಗೆ 7,250 ಡಾಲರ್ ಬೆಲೆಯಿಟ್ಟಿದ್ದ ಕಂಪನಿಯೊಂದಿತ್ತು. ಅದನ್ನು ಸಾಮಾನ್ಯ ಒಳ್ಳೆಯ ತಂತಿಯಿಂದ, ಯಾವುದು ಯಾವುದೆಂದು ತಿಳಿಯದಂತೆ ಕೇಳಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ 2007ರಲ್ಲಿ ಸವಾಲು ಹಾಕಿದ. ಮಾತುಕತೆಗಳಾದವು, ಪರೀಕ್ಷೆ ಮಾತ್ರ ನಡೆಯಲಿಲ್ಲ.

ಇಷ್ಟೆಲ್ಲ ಕಾಪಾಡಿಕೊಂಡು ಬಂದ ಮಡಿಯ ಗರ್ಭಗುಡಿಯಲ್ಲಿರುವುದು ಎಲ್‌ಪಿ ತಟ್ಟೆ. ಅದರಲ್ಲಿ ಹಾಡು ಇದ್ದಂತೆಯೇ ಇದೆ, ಯಾರ ಕೈಯೂ ಸೋಕಿಲ್ಲ ಎಂಬುದು ನಂಬಿಕೆ. ತಟ್ಟೆ ಕೊರೆಯುವವರು ನಗುತ್ತಾರೆ. ತಗ್ಗು ಸ್ವರಗಳನ್ನು ಇದ್ದಂತೆ ಕೊರೆದರೆ ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಆದ್ದರಿಂದ ತಗ್ಗನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. ಮನೆಯ ಆಂಪ್ಲಿಫೈಯರ್ ಅದನ್ನು ತಿರುಗಾಮುರುಗಾ ಮಾಡಿ ನಮಗೆ ಬಡಿಸುತ್ತದೆ. ಸೂಜಿಯ ಕೆಳಗೆ ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋದರೆ ಒಳ ಅಂಚಿನಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಕಛೇರಿ ತನಿ ಆವರ್ತನಕ್ಕೆ ಬಂದು ರಂಗೇರುವ ಹೊತ್ತಿಗೆ ತಟ್ಟೆಯ ದನಿ ಮಂಕಾಗಿರುತ್ತದೆ. ಇನ್ನೂ ಕೆಟ್ಟ ಸುದ್ದಿಯಿದೆ. ಮುಂದೆ ಬರುವ ಸದ್ದು ಎಷ್ಟು ದೊಡ್ಡದೆಂದು ಕೊರೆಯುವ ಯಂತ್ರಕ್ಕೆ ಮೊದಲೇ ತಿಳಿದರೆ ಗೀರುಗಳ ನಡುವಿನ ಅಂತರವನ್ನು ಅದು ಹೊಂದಿಸಿಕೊಳ್ಳುತ್ತದೆ. ಅದಕ್ಕಾಗಿ ಹಾಡನ್ನು ಕ್ಷಣಕಾಲ ತಡೆದಿಡಲು 1980ರ ಸುಮಾರಿನಿಂದ ಅನೇಕ ಕಡೆ ಬಳಸಿದ್ದು ಡಿಜಿಟಲ್ ಪೆಟ್ಟಿಗೆ. ಭಕ್ತರು ಕಣ್ಣಿಗೊತ್ತಿಕೊಳ್ಳುವ ಆ ಕಾಲದ ಎಷ್ಟೋ ತಟ್ಟೆಗಳು ಹುಟ್ಟುವಾಗಲೇ ಮೈಲಿಗೆ.

ಆದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತೇನೋ, 2022 ಬಾರದಿದ್ದರೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಕಂಪನಿ ಹಳೆಯ ಮೂಲ ಟೇಪುಗಳಿಂದ ತಟ್ಟೆ ಮಾಡಿ ಮಾರುವುದಕ್ಕೆ ಹೆಸರುವಾಸಿ. ಅದರ ಮೇಲ್ದರ್ಜೆಯ ತಟ್ಟೆಗೆ ನೂರು ಡಾಲರ್ ಆಸುಪಾಸು. ಒಬ್ಬ ಜಗತ್ಪ್ರಸಿದ್ಧ ಪಾಪ್ ಗಾಯಕನ ಆಲ್ಬಮ್ಮನ್ನು 40,000 ಪ್ರತಿ ಒತ್ತುವುದಾಗಿ ಕಂಪನಿ ಸಾರಿದಾಗ ಲೆಕ್ಕ ಬಲ್ಲ ಕೆಲವರಿಗೆ ಅನುಮಾನ ಬಂತು. ಟೇಪಿನಿಂದ ನೇರವಾಗಿ ಕೊರೆಯುವ ವಿಧಾನದಲ್ಲಿ ಅಷ್ಟು ತಟ್ಟೆ ಬೇಕಾದರೆ ಮೂಲ ಟೇಪನ್ನು ಮತ್ತೆ ಮತ್ತೆ ಓಡಿಸಬೇಕು. ಅಂಥ ಅಮೂಲ್ಯ ಟೇಪನ್ನು ಸವೆಯಲು ಯಾರು ಕೊಡುತ್ತಾರೆ? ಫೀನಿಕ್ಸ್ ನಗರದ ತಟ್ಟೆ ಅಂಗಡಿಯವರೊಬ್ಬರು ವಿಡಿಯೊದಲ್ಲಿ ಇದನ್ನು ಎತ್ತಿದರು. ಆಮೇಲೆ ಕ್ಯಾಲಿಫೋರ್ನಿಯಕ್ಕೇ ಹೋಗಿ ಕ್ಯಾಮೆರಾ ಮುಂದೆ ಕೇಳಿದಾಗ ಕಂಪನಿಯ ಎಂಜಿನಿಯರುಗಳು ಒಪ್ಪಿಕೊಂಡರು: ಟೇಪಿನಿಂದ ಮೊದಲು ಡಿಜಿಟಲ್ ಕಡತ, ಆಮೇಲೆ ತಟ್ಟೆ. ಕಂಪನಿ ಈ ದಾರಿ ಹಿಡಿದದ್ದು 2011ರಿಂದ.

ಹನ್ನೊಂದು ವರ್ಷ! ತಂತಿ ಬದಲಾದರೆ, ದೀಪ ಬದಲಾದರೆ, ಪಕ್ಕದ ಮನೆಯ ಫ್ರಿಜ್ ಗುಯ್‌ಗುಟ್ಟಿದರೆ ಪತ್ತೆ ಹಚ್ಚುವ ಕಿವಿಗಳು ಹನ್ನೊಂದು ವರ್ಷ ಈ ತಟ್ಟೆಗಳನ್ನು ಬಿಸಿಯಾದ ಆಂಪ್ಲಿಫೈಯರಿನಲ್ಲಿ, ಒಂದೂಮುಕ್ಕಾಲು ಗ್ರಾಂ ಭಾರದಲ್ಲಿ, ತ್ರಿಕೋನದ ತುದಿಯಲ್ಲಿ ಕುಳಿತು ಕೇಳಿ, "ಆಹಾ, ಇದಲ್ಲವೇ ಶುದ್ಧ ಅನಲಾಗ್" ಎಂದು ತಲೆದೂಗಿದವು. ಸಿಕ್ಕಿಹಾಕಿಸಿದ್ದು ಕಿವಿಯಲ್ಲ, ಗುಣಾಕಾರ.

ಮೊಕದ್ದಮೆಗಳು ಬಂದವು. 2023ರಲ್ಲಿ 2.5 ಕೋಟಿ ಡಾಲರ್ ಮಿತಿಯ ಒಪ್ಪಂದಕ್ಕೆ ಕಂಪನಿ ಒಪ್ಪಿತು. ತಟ್ಟೆ ಹಿಂದಿರುಗಿಸಿ ಕೊಟ್ಟ ಹಣ ಪಡೆಯಬಹುದಿತ್ತು, ಇಲ್ಲವೇ ತಟ್ಟೆ ಇಟ್ಟುಕೊಂಡು ಒಂದಿಷ್ಟು ಪರಿಹಾರಕ್ಕೆ ತೃಪ್ತರಾಗಬಹುದಿತ್ತು. ಈಗ ಯಾವ ಟೇಪಿನಿಂದ ಯಾವ ಡಿಜಿಟಲ್ ಹಾದಿಯಲ್ಲಿ ತಟ್ಟೆ ಬಂತೆಂದು ಕಂಪನಿ ಗೋತ್ರ ಪ್ರವರ ಸಮೇತ ಬಹಿರಂಗವಾಗಿ ಬರೆಯುತ್ತದೆ. ವ್ಯಾಪಾರವೇನೂ ನಿಂತಿಲ್ಲ.

ನಮ್ಮ ಗೃಹಸ್ಥರ ಕಪಾಟಿನಲ್ಲೂ ಆ ಕಂಪನಿಯ ತಟ್ಟೆಯೊಂದಿದೆ. "ಇದರ ಬಗ್ಗೆ ತಾವೇನು ಹೇಳುತ್ತೀರಿ ರಾಯರೇ?" ಎಂದು ಕೇಳಿದೆ. ಅವರು ತಟ್ಟೆಯನ್ನು ಹೆಬ್ಬೆರಳ ಬುಡದಲ್ಲಿ ಹಿಡಿದು ಬೆಳಕಿಗೆ ವಾಲಿಸಿ ನೋಡಿದರು. "ಈ ಕಂಪನಿಯ ತಟ್ಟೆಗಳಲ್ಲಿ ಏನೋ ಒಂದು ತಣ್ಣಗಿನ ಅಂಶ ಸೇರಿಕೊಂಡಿದೆ ಎಂದು ನನಗೆ 2011ರಲ್ಲೇ ಅನ್ನಿಸಿತ್ತು" ಎಂದರು.

ಹೊದಿಕೆಯ ಒಳಗೆ ಬಿಲ್ಲು ಇನ್ನೂ ಇತ್ತು. ಅವರು ಆ ಕಂಪನಿಯಿಂದ ಮೊಟ್ಟಮೊದಲು ಕೊಂಡ ತಟ್ಟೆ ಅದೇ, 2019ರದು.