ಇಂಗ್ಲಿಷಿಗೆ 96, ಅಜ್ಜಿಯ ಅಡಕತ್ತರಿಗೆ ಸೊನ್ನೆ

ಭಾನುವಾರ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಕಂಡದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬರಲ್ಲ.

ಸೆಕ್ಯುರಿಟಿ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗ. ಅಜ್ಜಿಯ ಎಲೆಅಡಿಕೆ ಸಂಚಿಯಿಂದ ಅಡಕತ್ತರಿ ಹೊರಗೆ ಬಂತು. ಒಳಗೆ ಬಿಡಲ್ಲ ಅಂದರು. "ನಮ್ಮತ್ತೆ ಕೊಟ್ಟಿದ್ದು ತಮ್ಮಾ, ಅಡಿಕೆ ಬಿಟ್ಟು ಬೇರೇನೂ ಕತ್ತರಿಸಿಲ್ಲ" ಅಂತ ಅಜ್ಜಿ ಅಂಗಲಾಚಿದರು. ಮೊಮ್ಮಗನಿಗೆ ಸಿಟ್ಟು. "ಹಾಗಂತ ಎಲ್ಲಿ ಬರೆದಿದೆ?"

ಎಲ್ಲಿ ಬರೆದಿದೆಯಾ? ಅವನ ಕೈಯಲ್ಲಿದ್ದ ಟಿಕೆಟ್ ಪ್ರಿಂಟಿನ ಎರಡನೇ ಪುಟದಲ್ಲಿ, ಇಂಗ್ಲಿಷಿನಲ್ಲಿ! ಹೇಳೋಣ ಅಂತ ಬಾಯಿ ತೆರೆದೆ. ಅವನು ತಿರುಗಿದ. "ಅಯ್ಯೋ, ಮೇಡಂ ನೀವಾ!"

ನನ್ನದೇ ಸ್ಟೂಡೆಂಟು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನೂರಕ್ಕೆ 96. ಶಾಲೆಯ ಬೋರ್ಡಿನಲ್ಲಿ ಅವನ ಫೋಟೊ ಹಾಕಿಸಿದವಳು ನಾನೇ.

ಆಮೇಲೆ ಸಿಟ್ಟು ಬಂದಿದ್ದು ನನ್ನ ಮೇಲೆ. ಪರೀಕ್ಷೆಯ ಗದ್ಯಭಾಗಕ್ಕೆ ನಾನು ಕಲಿಸಿದ ಉಪಾಯ ಏನು ಗೊತ್ತಾ? ಪ್ರಶ್ನೆಯಲ್ಲಿರುವ ಪದ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಅರ್ಥವಾಗಬೇಕಾಗಿಲ್ಲ, ಮಾರ್ಕ್ಸ್ ಗ್ಯಾರಂಟಿ. ಬಿ.ಎಡ್.ನಲ್ಲಿ ಸ್ಕಿಮಿಂಗ್ (ಸಾರಾಂಶಕ್ಕಾಗಿ ಕಣ್ಣಾಡಿಸುವುದು), ಸ್ಕ್ಯಾನಿಂಗ್ (ಬೇಕಾದ ವಿವರ ಹುಡುಕಿ ಓದುವುದು) ಅಂತ ನಾನೂ ಉರು ಹೊಡೆದವಳೇ. ಆದರೂ ಮೊದಲ ಸಲ ವಿಮಾನ ಹತ್ತುವಾಗ ಪವರ್ ಬ್ಯಾಂಕನ್ನು ಸೂಟ್‌ಕೇಸಿನೊಳಗೆ ಇಟ್ಟಿದ್ದೆ. ಎಲ್ಲರೆದುರು ಸೀರೆ, ಲಂಗ ಎಲ್ಲ ಹರವಿ ಹುಡುಕಿ ತೆಗೆಯಬೇಕಾಯಿತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಒಂಬತ್ತನೇ ಕ್ಲಾಸಿಗೆ ಪಾಠ ಬಿಟ್ಟು ನನ್ನ ಟಿಕೆಟ್ ಒಯ್ದೆ. ಅಜ್ಜಿಯ ಕಥೆಯನ್ನೂ ಹೇಳಿದೆ. ಕೈಚೀಲ 55, 35, 25 ಸೆಂಟಿಮೀಟರ್, ಒಟ್ಟು 115 ಮೀರಬಾರದು ಅಂತಿತ್ತು. ಅರ್ಧ ಕ್ಲಾಸು ಮೂರನ್ನೂ ಗುಣಿಸಿ 48,125 ಅಂತ ಬರೆದಿತ್ತು! ಗಣಿತದ ಮೇಷ್ಟ್ರು ಖುಷಿಪಟ್ಟಿರಬೇಕು. 'ನಾಟ್ ಎಕ್ಸೀಡಿಂಗ್ 7 ಕೆಜಿ' (7 ಕೆಜಿ ಮೀರದಂತೆ) ಅಂದರೆ 7 ಕೆಜಿ ಇರಲೇಬೇಕು ಅಂದುಕೊಂಡವರು ಆರು ಜನ. 'ಅನ್‌ಲೆಸ್' (ಹೊರತು), 'ಎಕ್ಸೆಪ್ಟ್' (ಬಿಟ್ಟು) ಇವೆಲ್ಲ ಅವರ ಕಣ್ಣಿಗೇ ಬೀಳಲ್ಲ. ಇಡೀ ಸಾಲನ್ನು ತಿರುಗಿಸಿಬಿಡುವುದು ಆ ಪುಟಾಣಿ ಪದಗಳೇ ಅಲ್ವಾ?

ಆಮೇಲೆ ಆಟ ಶುರುವಾಯಿತು. ಯಾವುದು ಕೈಚೀಲಕ್ಕೆ, ಯಾವುದು ಸೂಟ್‌ಕೇಸಿಗೆ, ಯಾವುದು ಮನೆಯಲ್ಲೇ ಇರಲಿ? ಪವರ್ ಬ್ಯಾಂಕ್ ಕೈಯಲ್ಲೇ ಯಾಕೆ ಅಂತ ಜಗಳವೇ ಆಯಿತು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸುತ್ತಾರೆ, ಕೆಳಗಿನ ಲಗೇಜಿನಲ್ಲಿ ಕೈಗೆ ಎಟುಕಲ್ಲ ಅಂದೆ. ಕೊಬ್ಬರಿ ಕೂಡ ಅಪಾಯದ ಸರಕಿನ ಪಟ್ಟಿಯಲ್ಲಿದೆ, ಎಣ್ಣೆಯಂಶದಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂದಾಗ ಹಿಂದಿನ ಬೆಂಚಿನವರೂ ಎದ್ದು ಕೂತರು. ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಒಂದು ಪದ್ಯಕ್ಕೂ ಹಿಂದಿನ ಬೆಂಚು ಹೀಗೆ ಎದ್ದದ್ದಿಲ್ಲ.

ಸ್ಟಾಫ್ ರೂಮಿನಲ್ಲಿ ಒಬ್ಬರ ತಕರಾರು: "ನಮ್ಮ ಮಕ್ಕಳು ಬಸ್ಸಿಗೇ ಜೋತು ಬೀಳ್ತಾರೆ, ಇವರಿಗೆ ವಿಮಾನದ ಪಾಠವಾ?" ಮಾತು ಕೇಳೋದಕ್ಕೆ ಚೆನ್ನಾಗಿದೆ. ಆದರೆ ಸಾರ್, 2023ರ ಆಗಸ್ಟಿನಿಂದ ವಿಮಾನ ನಮ್ಮೂರಿಗೇ ಬಂದಿಳಿಯುತ್ತಿದೆ, ಅದೂ ಕುವೆಂಪು ಹೆಸರಿನ ನಿಲ್ದಾಣಕ್ಕೆ. ವಿಮಾನ ಹತ್ತದಿದ್ದರೆ ಬೇಡ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಿ ಮೇಲೆ, ಬ್ಯಾಂಕ್ ಸಾಲದ ಕಾಗದದಲ್ಲಿ ಇರುವುದೂ ಇದೇ ಇಂಗ್ಲಿಷು. ಅಲ್ಲಿ ಕಳೆದುಹೋಗುವುದು ಬರೀ ಅಡಕತ್ತರಿಯಲ್ಲ.

ಬೆಲ್ ಹೊಡೆದ ಮೇಲೂ ಒಂದು ಹುಡುಗಿ ಆ ಹಾಳೆ ಬಿಟ್ಟುಕೊಡಲಿಲ್ಲ. ಬೆರಳಿಟ್ಟು ಓದಿದಳು, ಮತ್ತೆ ಓದಿದಳು.

"ಮೇಡಂ, ಅಡಕತ್ತರಿಯನ್ನ ಸೂಟ್‌ಕೇಸಿಗೆ ಹಾಕಬಹುದಿತ್ತಲ್ವಾ? ಇಲ್ಲೇ ಬರೆದಿದೆ."

ಹೌದು ಕಣೇ. ಆದರೆ ಅಷ್ಟೊತ್ತಿಗೆ ಅವರ ಸೂಟ್‌ಕೇಸು ಒಳಗೆ ಹೋಗಿಯಾಗಿತ್ತು.