ಸ್ವಂತ ಪಿಂಚಣಿ ಖಾತೆ ತೆರೆಯುವಾಗ ಶುಲ್ಕವೊಂದನ್ನೇ ನೋಡಿದರೆ ಸಾಕೇ?

ಬ್ರಿಟನ್ನಿನಲ್ಲಿ ದುಡಿಯುತ್ತಿರುವ ಕನ್ನಡಿಗರಲ್ಲಿ ಅನೇಕರು ಹಳೆಯ ಕೆಲಸಗಳಲ್ಲಿ ಬಿಟ್ಟುಬಂದ ಪಿಂಚಣಿಗಳನ್ನು ತಾವೇ ನಿರ್ವಹಿಸುವ ಒಂದು ಖಾತೆಗೆ ತಂದುಕೊಳ್ಳುತ್ತಾರೆ. ಆ ಖಾತೆಗೆ ಸಂಸ್ಥೆಯನ್ನು ಗೊತ್ತುಮಾಡುವಾಗ ಶುಲ್ಕವೇ ನಿರ್ಣಾಯಕವೆಂದು ಒಬ್ಬರು, ಅಲ್ಲವೆಂದು ಇನ್ನೊಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಪೆಟ್ಟಿಗೆಗೆ ಎಷ್ಟು ಬಾಡಿಗೆ ಕೊಡುತ್ತೀರಿ?

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡುತ್ತೇನೆ. ಸೆಲ್ಫ್ ಇನ್ವೆಸ್ಟೆಡ್ ಪರ್ಸನಲ್ ಪೆನ್ಶನ್ ಎಂಬುದನ್ನು ಇಲ್ಲಿ ಎಲ್ಲರೂ ಸಿಪ್ ಎನ್ನುತ್ತಾರೆ. ಊರಿನಲ್ಲಿರುವ ತಮ್ಮನಿಗೆ ಹಾಗೆಂದರೆ ಅವನು ತಾನು ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಕಂತೆಂದೇ ತಿಳಿಯುತ್ತಾನೆ. ಇದು ಅದಲ್ಲ. 1989ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಮಂತ್ರಿ ನೈಜೆಲ್ ಲಾಸನ್ ದಾರಿ ತೆರೆದುಕೊಟ್ಟ ಈ ಖಾತೆಯಲ್ಲಿ ಹಣವನ್ನು ಯಾವುದರಲ್ಲಿ ತೊಡಗಿಸಬೇಕೆಂದು ನಿರ್ಧರಿಸುವವರು ನಾವು, ಲಾಭನಷ್ಟ ಎರಡೂ ನಮ್ಮವು, ಸಂಸ್ಥೆಯು ಆ ಹೂಡಿಕೆಗಳನ್ನು ಇಟ್ಟುಕೊಳ್ಳುವ ಪೆಟ್ಟಿಗೆಯನ್ನು ಮಾತ್ರ ಒದಗಿಸುತ್ತದೆ.

ಈ ಪೆಟ್ಟಿಗೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಜಗತ್ತಿನ ಷೇರುಗಳನ್ನೆಲ್ಲ ಹಿಡಿದಿಟ್ಟ ಒಂದು ಸೂಚ್ಯಂಕ ಫಂಡನ್ನು ನೀವು ದುಬಾರಿ ಸಂಸ್ಥೆಯ ಮೂಲಕ ಕೊಂಡರೂ ಅದೇ ಫಂಡು, ಅಗ್ಗದ ಸಂಸ್ಥೆಯ ಮೂಲಕ ಕೊಂಡರೂ ಅದೇ ಫಂಡು. ನೀವು 80 ಪೌಂಡ್ ಕಟ್ಟಿದರೆ ತೆರಿಗೆ ರಿಯಾಯಿತಿಯಾಗಿ ಸರ್ಕಾರ 20 ಸೇರಿಸಿ 100 ಮಾಡುವುದು ಎರಡೂ ಕಡೆ ಒಂದೇ. ಆ ರಿಯಾಯಿತಿಯೊಂದಿಗೆ ವರ್ಷಕ್ಕೆ ಕಟ್ಟಬಹುದಾದ 60,000 ಪೌಂಡಿನ ಮಿತಿ ಒಂದೇ, ಹಣ ತೆಗೆಯುವ ವಯಸ್ಸು 2028ರ ಏಪ್ರಿಲ್ 6ರಂದು 55ರಿಂದ 57ಕ್ಕೆ ಏರುವುದೂ ಒಂದೇ, ಎರಡರ ಮೇಲೂ ಕಣ್ಣಿಟ್ಟಿರುವ ನಿಯಂತ್ರಕ ಎಫ್‌ಸಿಎ ಕೂಡ ಒಂದೇ, ಹೂಡಿಕೆ ಸಂಸ್ಥೆ ಮುಳುಗಿದರೆ ಒಬ್ಬರಿಗೆ 85,000 ಪೌಂಡ್ ವರೆಗೆ ಸಿಗುವ ಪರಿಹಾರವೂ ಒಂದೇ. ಬೇರೆಯಾಗಿರುವುದು ಆ ಪೆಟ್ಟಿಗೆಯ ಬಾಡಿಗೆ, ಅಂದರೆ ಶುಲ್ಕ. ಹೋಲಿಕೆ ಮಾಡುವುದಾದರೆ ಬೇರೆಯಾಗಿರುವುದನ್ನಲ್ಲವೇ ಹೋಲಿಸಬೇಕು?

ಬಾಡಿಗೆಯ ಲೆಕ್ಕ ನೋಡೋಣ. ಮಾರುಕಟ್ಟೆಯ ಅತಿ ದೊಡ್ಡ ಸಂಸ್ಥೆಯಾದ ಹಾರ್ಗ್ರೀವ್ಸ್ ಲ್ಯಾನ್ಸ್‌ಡೌನ್ ಬಹಳ ವರ್ಷಗಳ ಕಾಲ ಫಂಡುಗಳ ಮೊದಲ 2,50,000 ಪೌಂಡಿಗೆ ವರ್ಷಕ್ಕೆ ಶೇಕಡಾ 0.45ರಂತೆ ವಸೂಲಿ ಮಾಡುತ್ತಿತ್ತು. 2020ರಲ್ಲಿ ಪಿಂಚಣಿ ಖಾತೆ ಆರಂಭಿಸಿದ ವ್ಯಾನ್‌ಗಾರ್ಡ್ ಶೇಕಡಾ 0.15 ಎಂದು ಘೋಷಿಸಿತು, ಅದಕ್ಕೂ ವರ್ಷಕ್ಕೆ 375 ಪೌಂಡಿನ ಮೇಲ್ಮಿತಿ ಇಟ್ಟಿತು. ಶೇಕಡಾ 0.30ರ ವ್ಯತ್ಯಾಸ ಕೇಳಲು ಹುಣಿಸೆಬೀಜದಷ್ಟು. ಆದರೆ 1,00,000 ಪೌಂಡನ್ನು 25 ವರ್ಷ ಮುಟ್ಟದೆ ಬಿಟ್ಟು, ಅದು ವರ್ಷಕ್ಕೆ ಶೇಕಡಾ 5ರಂತೆ ಬೆಳೆಯಿತೆಂದಿಟ್ಟುಕೊಂಡು, 0.15 ಕಳೆದು ನೋಡಿದರೆ ಕೊನೆಯಲ್ಲಿ ಸುಮಾರು 3,27,000 ಪೌಂಡ್ ಉಳಿಯುತ್ತದೆ, 0.45 ಕಳೆದರೆ ಸುಮಾರು 3,04,000. ಹೆಚ್ಚುಕಡಿಮೆ 22,500 ಪೌಂಡ್ ಬಾಡಿಗೆಯ ಹೆಸರಿನಲ್ಲಿ ಹೋಯಿತು. ಹನಿಗೂಡಿದರೆ ಹಳ್ಳವೆನ್ನುತ್ತಾರಲ್ಲ, ಹನಿ ಸೋರಿದರೂ ಹಳ್ಳವೇ. ಲಾಭ ಬಂದ ವರ್ಷವೂ ಶುಲ್ಕ, ನಷ್ಟವಾದ ವರ್ಷವೂ ಶುಲ್ಕ.

ಅಗ್ಗದ ಸಂಸ್ಥೆ ಎಲ್ಲರಿಗೂ ಒಂದೇ ಎಂದು ನಾನು ಹೇಳುತ್ತಿಲ್ಲ. ತಿಂಗಳಿಗೆ 13 ಪೌಂಡ್ ಎಂದು ನಿಗದಿ ಮಾಡುವ ಸಂಸ್ಥೆಗೆ ವರ್ಷಕ್ಕೆ 156 ಕೊಡಬೇಕು. 20,000 ಪೌಂಡ್ ಇರುವವನಿಗೆ ಅದಕ್ಕಿಂತ 0.45ರ ಲೆಕ್ಕದ 90 ಪೌಂಡೇ ಮೇಲು, 2,00,000 ಇರುವವನಿಗೆ ಅದೇ ಲೆಕ್ಕ 900 ಆಗುತ್ತದೆ. ವ್ಯಾನ್‌ಗಾರ್ಡ್ ಕೂಡ 2025ರ ಜನವರಿಯ ಕೊನೆಯಿಂದ 32,000 ಪೌಂಡಿಗಿಂತ ಕಡಿಮೆ ಇರುವವರಿಂದ ತಿಂಗಳಿಗೆ 4 ಪೌಂಡ್ ತೆಗೆದುಕೊಳ್ಳುತ್ತಿದೆ. 10,000 ಪೌಂಡಿನ ಖಾತೆಗೆ ಇದು ಶೇಕಡಾ 0.48 ಆಯಿತು, ಅಂದರೆ ಅಗ್ಗವೆಂದು ಹೋದವನು ದುಬಾರಿಯವನಿಗಿಂತ ಹೆಚ್ಚು ಕೊಟ್ಟ. ಕೆಲವು ಸಂಸ್ಥೆಗಳಲ್ಲಿ ಫಂಡಿನ ಬದಲು ಇಟಿಎಫ್, ಅಂದರೆ ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ಫಂಡು, ಇಟ್ಟುಕೊಂಡರೆ ಶುಲ್ಕಕ್ಕೆ ಮೇಲ್ಮಿತಿ ಬೀಳುತ್ತದೆ, ಆದರೆ ಕೊಳ್ಳುವಾಗ ಮಾರುವಾಗ ಪ್ರತಿ ಸಲ ದಲ್ಲಾಳಿ ಹಣ ಕೊಡಬೇಕು. ಖಾತೆಯಲ್ಲಿ ನಗದು ಬಿಟ್ಟವರು ಅದರ ಬಡ್ಡಿ ಯಾರಿಗೆ ಹೋಗುತ್ತಿದೆಯೆಂದೂ ಕೇಳಬೇಕು. 2023ರ ಡಿಸೆಂಬರಿನಲ್ಲಿ ಎಫ್‌ಸಿಎ ಇಂಥ ಸಂಸ್ಥೆಗಳಿಗೆ ಪತ್ರ ಬರೆದು, ಗ್ರಾಹಕರ ನಗದಿಗೆ ಬರುವ ಬಡ್ಡಿಯಲ್ಲಿ ಪಾಲು ಇಟ್ಟುಕೊಂಡು ಅದೇ ನಗದಿನ ಮೇಲೆ ಶುಲ್ಕವನ್ನೂ ಹೇರುವ ಪದ್ಧತಿಯನ್ನು ನಿಲ್ಲಿಸುವಂತೆ ಹೇಳಬೇಕಾಗಿ ಬಂತು. ಇದನ್ನೆಲ್ಲ ನಾನು ಸೇವೆಯ ಪ್ರಶ್ನೆ ಎನ್ನುವುದಿಲ್ಲ, ಶುಲ್ಕದ ಪ್ರಶ್ನೆ ಎನ್ನುತ್ತೇನೆ.

ಸೇವೆ ಎಂದರೆ ಏನು? ಮೂರು ತಿಂಗಳಿಗೊಮ್ಮೆ ಬಾಗಿಲಿಗೆ ಬಂದು ಬೀಳುವ ಮಿರುಗುವ ಕಾಗದದ ಪತ್ರಿಕೆ, ಫೋನ್ ಮಾಡಿದರೆ ಕೇಳಿಬರುವ ಪಿಟೀಲಿನ ನಾದ, ಕೊನೆಗೆ ‘ಬೇರೇನಾದರೂ ಸಹಾಯ ಬೇಕೇ’ ಎನ್ನುವ ಜೇನಿನಂತಹ ದನಿ. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಮನುಷ್ಯ ತನ್ನ ಪಿಂಚಣಿ ಸಂಸ್ಥೆಗೆ ಎಷ್ಟು ಸಲ ಫೋನ್ ಮಾಡುತ್ತಾನೆ? ನಾನು ಮಾಡಿರುವುದು ಎರಡು ಸಲ, ಅದರಲ್ಲೊಂದು ತಪ್ಪಿ ಒತ್ತಿದ್ದು. ಆ 22,500 ಪೌಂಡನ್ನು ಎರಡರಿಂದ ಭಾಗಿಸಿ ನೋಡಿ, ಒಂದು ಕರೆಯ ಬೆಲೆ ತಿಳಿಯುತ್ತದೆ.

ಇಷ್ಟು ಹಟದಿಂದ ಬರೆಯಲು ಕಾರಣವಿದೆ. ಲಂಡನ್ನಿನ ಈಸ್ಟ್ ಹ್ಯಾಮಿನ ಅಂಗಡಿಗಳಲ್ಲಿ ಸೋನಾ ಮಸೂರಿಯ ಹತ್ತು ಕಿಲೋ ಚೀಲಕ್ಕೆ ಒಂದು ಪೌಂಡ್ ಹೆಚ್ಚು ಹೇಳಿದರೆಂದು ಎದುರಿನ ಅಂಗಡಿಗೆ ಹೋಗುವವನು ನಾನು. ಅದೇ ನಾನು ಹನ್ನೊಂದು ವರ್ಷ ಒಂದು ದೊಡ್ಡ ಸಂಸ್ಥೆಗೆ ಎಷ್ಟು ಕೊಡುತ್ತಿದ್ದೇನೆಂದು ನೋಡಿರಲಿಲ್ಲ. ಶುಲ್ಕವು ಬಿಲ್ಲಾಗಿ ಬರುವುದಿಲ್ಲ, ಖಾತೆಯಿಂದ ಸದ್ದಿಲ್ಲದೆ ಕರಗುತ್ತದೆ. ಒಂದು ಭಾನುವಾರ ಹಳೆಯ ವಿವರಪಟ್ಟಿಗಳನ್ನೆಲ್ಲ ಕೂಡಿ ಹಾಕಿದಾಗ ಬಂದ ಮೊತ್ತವನ್ನು ಹೆಂಡತಿಗೆ ಹೇಳಿದೆ. ‘ಅಷ್ಟರಲ್ಲಿ ಮನೆಮಂದಿಯೆಲ್ಲ ನಾಲ್ಕು ಸಲ ಊರಿಗೆ ಹೋಗಿ ಬರಬಹುದಿತ್ತಲ್ಲ’ ಎಂದಳು. ಮರುದಿನವೇ ವರ್ಗಾವಣೆಯ ಅರ್ಜಿ ಹಾಕಿದೆ. ಅಕ್ಕಿಚೀಲದ ವಿಷಯಕ್ಕೆ ಅವಳು ಈಗ ನಗುವುದಿಲ್ಲ.

ಮರಣಾನಂತರದ ಕಾಗದಪತ್ರಗಳಿಗಾಗಿ ಒಳ್ಳೆಯ ಸಂಸ್ಥೆ ಬೇಕೆಂದು ಎದುರು ಪಕ್ಷದವರು ಹೇಳಬಹುದು. ಅದಕ್ಕೆ ಇಲ್ಲಿನ ವಕೀಲರಾದ ಸಾಲಿಸಿಟರುಗಳಿದ್ದಾರೆ. ಬದುಕಿರುವ ಇಪ್ಪತ್ತೈದು ವರ್ಷ ಪ್ರತಿ ವರ್ಷವೂ, ಲಾಭ ಬಂದ ವರ್ಷವೂ ನಷ್ಟವಾದ ವರ್ಷವೂ, ಕಟ್ಟುವ ಶುಲ್ಕದ ಬಗ್ಗೆ ನಾನು ಮಾತಾಡುತ್ತಿದ್ದೇನೆ.

ವಿರೋಧ: ಫೋನ್ ಎತ್ತುವವರು ಯಾರು?

ಈ ಪಕ್ಷವನ್ನು ವಹಿಸಬೇಕೆಂದು ಕೇಳಿದಾಗ ನಾನು ಒಪ್ಪಿಕೊಂಡದ್ದು ದಾಕ್ಷಿಣ್ಯಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ನನ್ನ ಸ್ವಂತ ಪಿಂಚಣಿ ಅಗ್ಗದ ಖಾತೆಯೊಂದರಲ್ಲೇ ಇದೆ, ಲೆಕ್ಕದ ವಿಷಯದಲ್ಲಿ ಹಿಂದಿನ ಲೇಖಕರೊಡನೆ ನನಗೆ ಜಗಳವಿಲ್ಲ. ಅವರ ಪಿಟೀಲಿನ ನಾದ ಮಾತ್ರ ನಾನು ಕೇಳಿದ ಫೋನುಗಳಲ್ಲಿ ಇರಲಿಲ್ಲ.

ಸೇವೆಯ ಪರವಾಗಿ ಸಾಮಾನ್ಯವಾಗಿ ಹೇಳುವ ಕಾರಣಗಳು ಗೊತ್ತಿರುವವೇ. ಅಂಗಡಿಯ ಅಥವಾ ಹೋಟೆಲಿನ ಕಟ್ಟಡವನ್ನೇ ಪಿಂಚಣಿಯ ಹಣದಿಂದ ಕೊಂಡು, ತನ್ನದೇ ವ್ಯಾಪಾರದಿಂದ ಆ ಪಿಂಚಣಿಗೆ ಬಾಡಿಗೆ ಕಟ್ಟಬಯಸುವವರಿಗೆ ಅಗ್ಗದ ಆನ್‌ಲೈನ್ ಖಾತೆಗಳು ಉಪಯೋಗಕ್ಕೆ ಬರುವುದಿಲ್ಲ. ಅವರು ಹೆಚ್ಚು ಕೊಟ್ಟು, ಕಟ್ಟಡಗಳನ್ನೂ ಇಟ್ಟುಕೊಳ್ಳಲು ಬಿಡುವ ಪೂರ್ಣ ಸಿಪ್ ಸಂಸ್ಥೆಗೇ ಹೋಗಬೇಕು. ನಿವೃತ್ತಿಯ ನಂತರ ಮೈಸೂರಿಗೋ ಬೆಂಗಳೂರಿಗೋ ಮರಳುವ ಯೋಚನೆಯಿರುವವರು, ವಿದೇಶದ ವಿಳಾಸವನ್ನು ಸಂಸ್ಥೆ ಒಪ್ಪುತ್ತದೆಯೇ, ಓಟಿಪಿ ಭಾರತದ ಮೊಬೈಲಿಗೆ ಬರುತ್ತದೆಯೇ ಎಂದು ಶುಲ್ಕಕ್ಕಿಂತ ಮೊದಲು ಕೇಳುವುದು ಒಳ್ಳೆಯದು. ಇವು ಎಲ್ಲರಿಗೂ ಅನ್ವಯಿಸುವ ಮಾತುಗಳಲ್ಲ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ.

ನನಗೆ ಗೊತ್ತಿರುವುದು ನನ್ನ ಭಾವನ ಕತೆ. ಅವರ ಹೆಸರಿನ ಹಿಂದೆ ನಮ್ಮಲ್ಲಿ ಅನೇಕರಿಗೆ ಇರುವಂತೆ ಎರಡು ಇನಿಶಿಯಲ್‌ಗಳಿದ್ದವು, ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು, ಹೊಳೆನರಸೀಪುರವೇ ಇಂಗ್ಲೆಂಡಿನಲ್ಲಿ ಅವರ ಮನೆತನದ ಹೆಸರಾಯಿತು. ಮೊದಲ ಕೆಲಸದ ಕಚೇರಿಯವರು ಮಾತ್ರ ಸಂಬಳದ ಪಟ್ಟಿಯಲ್ಲಿ ಅವರ ಸ್ವಂತ ಹೆಸರನ್ನು ಕೊನೆಗೆ ತಂದು, ತಂದೆಯ ಹೆಸರನ್ನು ಮುಂದಿಟ್ಟಿದ್ದರು. ಹೀಗೆ ಒಬ್ಬರೇ ಭಾವ ಎರಡು ಸಿಪ್ ಸಂಸ್ಥೆಗಳಲ್ಲಿ ಇಬ್ಬರಾಗಿದ್ದರು. ಅಕ್ಕನ ಹೆಸರಿನ ಕೊನೆಯಲ್ಲಿ ನಮ್ಮ ಅಪ್ಪನ ಹೆಸರಿದೆ. ಗಂಡನ ಹೆಸರಿಗೂ ಅವಳ ಹೆಸರಿಗೂ ಒಂದಕ್ಷರದ ಸಂಬಂಧವಿಲ್ಲ.

ಭಾವ ತೀರಿಕೊಂಡಾಗ ಅವರಿಗೆ 61 ವರ್ಷ. ಅಕ್ಕ ಕಂಪ್ಯೂಟರ್ ಮುಟ್ಟಿದವಳಲ್ಲವಾದ್ದರಿಂದ ಕಾಗದಗಳ ಕೆಲಸ ನನ್ನ ಮೇಲೆ ಬಿತ್ತು. ಎರಡು ಖಾತೆಗಳಲ್ಲಿ ಒಂದು ಅಗ್ಗದ್ದು, ಇನ್ನೊಂದು ಅದರ ಮೂರರಷ್ಟು ಶುಲ್ಕದ್ದು. ಅಗ್ಗದ ಸಂಸ್ಥೆಗೆ ಫೋನ್ ಸಂಖ್ಯೆಯೇ ಇರಲಿಲ್ಲ, ಇದ್ದದ್ದು ಸಂದೇಶಪೆಟ್ಟಿಗೆ. ಅದಕ್ಕೆ ಬರೆಯಬೇಕಾದರೆ ಭಾವನ ಗುಪ್ತಪದ ಬೇಕು. ಅಂಚೆಯಲ್ಲಿ ಮರಣಪತ್ರ ಕಳುಹಿಸಿದೆವು. ಈ ಹೆಸರಿನ ಗ್ರಾಹಕರು ನಮ್ಮಲ್ಲಿಲ್ಲವೆಂದು ಉತ್ತರ ಬಂತು. ಖಾತೆಯ ಸಂಖ್ಯೆ ಬರೆದು ಕಳುಹಿಸಿದೆವು. ಖಾತೆಯ ವಿಷಯವನ್ನು ಖಾತೆದಾರರೊಂದಿಗೆ ಮಾತ್ರ ಚರ್ಚಿಸಲು ಸಾಧ್ಯವೆಂದು ಭಾವನ ಹೆಸರಿಗೇ ಪತ್ರ ಬಂತು. ಅಕ್ಕ ಅದನ್ನು ಓದಿ ಏನೂ ಹೇಳದೆ ಮಡಿಸಿ, ದೇವರ ಮನೆಯ ಗೂಡಿನಲ್ಲಿ ಉಳಿದ ಕಾಗದಗಳ ಜೊತೆಗಿಟ್ಟಳು. ಹತ್ತು ತಿಂಗಳಾಯಿತು.

ದುಬಾರಿ ಸಂಸ್ಥೆಯಲ್ಲಿ ಒಬ್ಬ ಹೆಂಗಸು ಫೋನ್ ಎತ್ತಿದಳು. ನಾನು ಇನಿಶಿಯಲ್, ಊರು, ತಂದೆ ಎಂದು ಶುರು ಮಾಡಿದಾಗ ತಡೆದು, ಇಂಥದ್ದನ್ನು ತಾನು ಮೊದಲೂ ನೋಡಿರುವುದಾಗಿ ಹೇಳಿ, ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಸಾಲಿಸಿಟರರ ಮುಂದೆ ಬರೆದುಕೊಟ್ಟರೆ ಸಾಕೆಂದಳು. ಅಕ್ಕನೊಂದಿಗೆ ಮಾತಾಡಬಹುದೇ ಎಂದು ಕೇಳಿ, ಅವಳ ಹರುಕುಮುರುಕು ಇಂಗ್ಲಿಷಿಗೆ ಕಾದು ಕಾದು ಉತ್ತರಿಸಿದಳು. ಆರು ವಾರದಲ್ಲಿ ಹಣ ಅಕ್ಕನ ಹೆಸರಿಗೆ ಆಯಿತು. ಅದೇ ಪ್ರಮಾಣಪತ್ರದ ಪ್ರತಿಯನ್ನು ಅಗ್ಗದ ಸಂಸ್ಥೆಗೂ ಕಳುಹಿಸಿದ್ದರಿಂದ ಅಲ್ಲಿಯೂ ಕೊನೆಗೆ ದಾರಿಯಾಯಿತು. ಆ ಹೆಂಗಸಿನ ಬದಲು ಬೇರೆ ಯಾರೋ ಫೋನ್ ಎತ್ತಿದ್ದರೆ ಏನಾಗುತ್ತಿತ್ತೋ, ಅದು ಸಂಸ್ಥೆಯ ಗುಣವೋ ನಮ್ಮ ಅದೃಷ್ಟವೋ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಸಾಲಿಸಿಟರುಗಳಿದ್ದಾರೆ ಎಂದು ಹಿಂದಿನ ಲೇಖಕರು ಸುಲಭವಾಗಿ ಬರೆದಿದ್ದಾರೆ. ಇದ್ದಾರೆ, ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ, ಅದನ್ನು ಅವರ ಶುಲ್ಕದ ಕೋಷ್ಟಕದಲ್ಲಿ ಸೇರಿಸಿಕೊಂಡರೆ ಒಳ್ಳೆಯದಿತ್ತು. ಮುಂದೆ ಈ ಕೆಲಸ ಇನ್ನೂ ಬಿಗಿಯಾಗುತ್ತದೆ. 2027ರ ಏಪ್ರಿಲ್ 6ರಿಂದ ತೀರಿಕೊಂಡವರ ಖಾತೆಯಲ್ಲಿ ಉಳಿದ ಪಿಂಚಣಿಯೂ ವಾರಸು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಗಂಡನಿಂದ ಹೆಂಡತಿಗೆ ಹೋಗುವ ಹಣಕ್ಕೆ ವಿನಾಯಿತಿ ಇದ್ದರೂ ಮಕ್ಕಳಿಗೆ ಹೋಗುವುದಕ್ಕೆ ಇಲ್ಲ. ಲೆಕ್ಕ ಒಪ್ಪಿಸುವ ಹೊಣೆ ಆಸ್ತಿ ನಿರ್ವಹಿಸುವವರದು, ಮರಣದ ನಂತರದ ಆರನೆಯ ತಿಂಗಳ ಕೊನೆಗೆ ತೆರಿಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಖಾತೆಯಲ್ಲಿ ಎಷ್ಟಿದೆಯೆಂದು ತಿಳಿಸಲು ಒಂದು ಸಂಸ್ಥೆ ಹತ್ತು ತಿಂಗಳು ತೆಗೆದುಕೊಂಡರೆ ಆ ಬಡ್ಡಿಯನ್ನು ಯಾರ ಶುಲ್ಕಕ್ಕೆ ಸೇರಿಸಬೇಕು?

ಇಷ್ಟಾದ ಮೇಲೆ ನಾನು ನನ್ನ ಖಾತೆಯನ್ನು ಬದಲಿಸಿದೆನೇ ಎಂದರೆ ಇಲ್ಲ. ನನ್ನ ನಂತರ ಪಿಂಚಣಿ ಯಾರಿಗೆ ಹೋಗಬೇಕೆಂದು ಸಂಸ್ಥೆಗೆ ತಿಳಿಸುವ ಇಚ್ಛಾಪತ್ರವನ್ನು ತುಂಬಿದ್ದೇನೆ, ಸಂಸ್ಥೆಗಳ ಹೆಸರು ಮತ್ತು ಖಾತೆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಮಗಳಿಗೆ ಕೊಟ್ಟಿದ್ದೇನೆ. ಖಾತೆಯಲ್ಲಿರುವ ನನ್ನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆ ತಿದ್ದಬೇಕೆಂದು ಮೂರು ವಾರದ ಹಿಂದೆ ಸಂದೇಶ ಕಳುಹಿಸಿದೆ. ಇನ್ನೂ ಉತ್ತರ ಬಂದಿಲ್ಲ.